ಬಿದ್ದ ಗರಿ ಯಾವ ಹಕ್ಕಿಯದು? ಬೆಂಗಳೂರಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕಬ್ಬನ್ ಪಾರ್ಕಿನಲ್ಲಿ, ಜಕ್ಕೂರು ಕೆರೆ ಏರಿಯ ಮೇಲೆ, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಗರಿ ಸಿಗುತ್ತದೆ. ಎತ್ತಿಕೊಂಡು ಕೈಯಲ್ಲಿ ಹಿಡಿದು ಒಂದು ಫೋಟೊ ತೆಗೆದು "ಇದು ಯಾವ ಹಕ್ಕಿಯದು?" ಅಂತ ಕೇಳುತ್ತಾರೆ. ಇಂಥ ಫೋಟೊಗಳು ನನಗೆ ವಾರ ವಾರವೂ ಬರುತ್ತವೆ. ಹೆಚ್ಚಿನವುಗಳಿಗೆ ಉತ್ತರ ಹೇಳಲು ಆಗುವುದಿಲ್ಲ. ಕೇಳಿದವರೇ ಊಹಿಸಿದ ಹೆಸರು ಮುಕ್ಕಾಲು ಪಾಲು ತಪ್ಪಾಗಿರುತ್ತದೆ.

ಕಾರಣ ಒಂದೇ. ಎಲ್ಲರೂ ಬಣ್ಣದಿಂದ ಶುರು ಮಾಡುತ್ತಾರೆ. ಕಂದು ಕಂಡರೆ ಹದ್ದು, ಹಸಿರು ಕಂಡರೆ ಗಿಳಿ, ಬಿಳಿ ಕಂಡರೆ ಬೆಳ್ಳಕ್ಕಿ. ಬಣ್ಣ ಮುಖ್ಯವೇ, ಆದರೆ ಅದರ ಸರದಿ ಕೊನೆಗೆ. ಮೊದಲು ಗರಿ ಮೈಯ ಯಾವ ಭಾಗದ್ದು ಅಂತ ತಿಳಿಯಬೇಕು, ಆಮೇಲೆ ಉದ್ದ, ಆಮೇಲೆ ಬಣ್ಣ. ಈ ಕ್ರಮ ತಪ್ಪಿಸಬೇಡಿ.

## ಬೇಕಾಗುವ ಸಾಮಾನು

ಮೊಬೈಲ್, 30 ಸೆಂಟಿಮೀಟರಿನ ಪ್ಲಾಸ್ಟಿಕ್ ಸ್ಕೇಲು, ಒಂದು ಬಿಳಿ ಹಾಳೆ, ತೆಳು ಕೈಗವಸು ಅಥವಾ ಚಿಮುಟ, ಸಾಧ್ಯವಾದರೆ ಒಂದು ಭೂತಗನ್ನಡಿ. ಇಷ್ಟೇ ಸಾಕು. ಸ್ಕೇಲು ಇಲ್ಲದಿದ್ದರೆ ಪೆನ್ನೋ ನಾಣ್ಯವೋ ಪಕ್ಕದಲ್ಲಿಡಿ. ಅಳತೆ ತಿಳಿಯದ ಫೋಟೊ ಯಾರ ಕೆಲಸಕ್ಕೂ ಬರುವುದಿಲ್ಲ.

## ಹಂತ 1: ಮುಟ್ಟುವ ಮೊದಲು ಸುತ್ತ ನೋಡಿ

ಗರಿ ಒಂಟಿಯಾಗಿದೆಯೋ, ಹತ್ತಾರು ಗರಿ ಹರಡಿವೆಯೋ ನೋಡಿ. ಒಂಟಿ ಗರಿ ಸಾಮಾನ್ಯವಾಗಿ ತಾನೇ ಉದುರಿದ್ದು. ಒಂದೇ ಕಡೆ ರಾಶಿ ಬಿದ್ದಿದ್ದರೆ ಹೆಚ್ಚಾಗಿ ಯಾವುದೋ ಹಕ್ಕಿ ಬೇಟೆಗೆ ಸಿಕ್ಕಿರುತ್ತದೆ. ಹಾಗಿದ್ದಾಗ ಒಂದನ್ನೇ ನೋಡಬೇಡಿ. ರೆಕ್ಕೆಯದು, ಬಾಲದ್ದು, ಮೈಯದು, ಎಲ್ಲದರ ಫೋಟೊ ತೆಗೆಯಿರಿ. ಗುರುತಿಸಲು ಇದಕ್ಕಿಂತ ಒಳ್ಳೆ ಅವಕಾಶ ಸಿಗುವುದಿಲ್ಲ.

ಜಾಗವೂ ಸುಳಿವು ಕೊಡುತ್ತದೆ. ಹತ್ತಿರ ಕೋಳಿ ಅಂಗಡಿ ಇದೆಯಾ? ಬ್ಯಾಡ್ಮಿಂಟನ್ ಕೋರ್ಟ್ ಇದೆಯಾ? ಶಟಲ್ ಕಾಕಿನಲ್ಲಿ ಹೆಬ್ಬಾತು ಅಥವಾ ಬಾತುಕೋಳಿಯ 16 ಗರಿ ಇರುತ್ತವೆ. ಮುರಿದು ಬಿದ್ದರೆ ಬೆಳ್ಳಕ್ಕಿಯ ಗರಿ ಅಂತಲೇ ಅನ್ನಿಸುತ್ತದೆ. ಆದರೆ ದಂಟಿನ ಕೆಳಭಾಗದ ಎಳೆಗಳನ್ನೆಲ್ಲ ಕತ್ತರಿಸಿ ಬೋಳಾಗಿಸಿರುತ್ತಾರೆ, ತುದಿಯನ್ನೂ ಒಪ್ಪವಾಗಿ ಕತ್ತರಿಸಿರುತ್ತಾರೆ.

ಇನ್ನು ಎರಡು ಎಚ್ಚರಿಕೆ. ಗರಿಯಲ್ಲಿ ಹೇನು, ಹಿಕ್ಕೆ, ರೋಗಾಣು ಇರಬಹುದು. ಬರಿಗೈಯಲ್ಲಿ ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಅಕ್ಕಪಕ್ಕದಲ್ಲಿ ಸತ್ತ ಹಕ್ಕಿಗಳು ಕಂಡರೆ ಮುಟ್ಟಲೇಬೇಡಿ. ಎರಡನೆಯದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಗರಿಗೂ ಅನ್ವಯಿಸುತ್ತದೆ. "ಸುಮ್ನೆ ಬಿದ್ದಿತ್ತು" ಅಂತ ಮನೆಗೆ ತಂದು ಕೂಡಿಡಬೇಡಿ. ನವಿಲಿನ ಉದುರಿದ ಗರಿಗೆ ದೇಶದೊಳಗೆ ರಿಯಾಯಿತಿ ಇದೆ ನಿಜ, ಉಳಿದವಕ್ಕೆ ಅದು ಸಲ್ಲುವುದಿಲ್ಲ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದೊಳಗಿಂದ ಏನನ್ನೂ ಎತ್ತಿಕೊಂಡು ಬರಬಾರದು.

## ಹಂತ 2: ನಾಲ್ಕು ಫೋಟೊ ತೆಗೆಯಿರಿ

ಮೊದಲನೆಯದು ಬಿದ್ದ ಜಾಗದಲ್ಲೇ. ಆಮೇಲೆ ಬಿಳಿ ಹಾಳೆಯ ಮೇಲಿಟ್ಟು, ಪಕ್ಕದಲ್ಲಿ ಸ್ಕೇಲಿಟ್ಟು, ಮೇಲ್ಮೈಯದೊಂದು, ಕೆಳಮೈಯದೊಂದು. ನಾಲ್ಕನೆಯದು ಗರಿಯನ್ನು ಬೆಳಕಿಗೆ ಅಡ್ಡ ಹಿಡಿದು. ಈ ಕೊನೆಯ ಫೋಟೊವನ್ನು ಯಾರೂ ತೆಗೆಯುವುದಿಲ್ಲ. ಆದರೆ ಹಂತ 5ರಲ್ಲಿ ಅದೇ ಬೇಕು.

ಮೇಲ್ಮೈ ಯಾವುದು ಅಂತ ಗೊಂದಲವಾದರೆ ನಡುವಿನ ದಂಟು ನೋಡಿ. ಕೆಳಮೈಯಲ್ಲಿ ದಂಟಿನ ಉದ್ದಕ್ಕೂ ಒಂದು ಸಣ್ಣ ಗೀರುಗಾಲುವೆ ಇರುತ್ತದೆ. ಮೇಲ್ಮೈಯಲ್ಲಿ ದಂಟು ನುಣುಪಾಗಿರುತ್ತದೆ. ಗರಿ ಬಾಗುವುದೂ ಕೆಳಮೈ ಕಡೆಗೇ.

ಮಳೆಯಲ್ಲಿ ನೆಂದ ಗರಿಯನ್ನು ಹಾಗೇ ಅಳೆಯಬೇಡಿ, ಬಣ್ಣವನ್ನೂ ಬರೆದುಕೊಳ್ಳಬೇಡಿ. ನೆನೆದಾಗ ಬಣ್ಣ ಗಾಢವಾಗುತ್ತದೆ, ಎಳೆಗಳು ಅಂಟಿಕೊಂಡು ಅಗಲ ಕಡಿಮೆ ಕಾಣುತ್ತದೆ. ನೆರಳಲ್ಲಿ ಒಣಗಿಸಿ. ಆಮೇಲೆ ಬುಡದಿಂದ ತುದಿಯ ಕಡೆಗೆ ಎರಡು ಬೆರಳಲ್ಲಿ ಮೆಲ್ಲಗೆ ಸವರಿ. ಎಳೆಗಳ ಅಂಚಿನಲ್ಲಿರುವ ಸೂಕ್ಷ್ಮ ಕೊಕ್ಕೆಗಳು ಜಿಪ್ ಹಾಕಿದಂತೆ ಮತ್ತೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹಕ್ಕಿ ಕೊಕ್ಕಿನಿಂದ ಗರಿ ತೀಡುವಾಗ ಮಾಡುವುದೂ ಇದನ್ನೇ. ತುದಿಯಿಂದ ಬುಡದ ಕಡೆಗೆ ಉಜ್ಜಿದರೆ ಗರಿ ಕೆದರಿ ಹಾಳಾಗುತ್ತದೆ.

## ಹಂತ 3: ಮೈಯ ಯಾವ ಭಾಗದ ಗರಿ?

ಇಲ್ಲಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ಅವಸರ ಮಾಡಬೇಡಿ. ಒಂದೇ ಹಕ್ಕಿಯ ಮೈಮೇಲೆ ಆಕಾರದಲ್ಲಿ, ಬಣ್ಣದಲ್ಲಿ, ಕೆಲಸದಲ್ಲಿ ಒಂದಕ್ಕೊಂದು ಹೋಲದ ಗರಿಗಳಿರುತ್ತವೆ. ಭಾಗ ಗೊತ್ತಿಲ್ಲದೆ ಹಕ್ಕಿಯ ಹೆಸರು ಹೇಳಲು ಹೊರಟರೆ ದಾರಿ ತಪ್ಪುತ್ತದೆ.

ದಂಟಿನ ಎರಡೂ ಬದಿಯ ಪಟ್ಟಿಗಳ ಅಗಲ ಹೋಲಿಸಿ ನೋಡಿ.

ರೆಕ್ಕೆಯ ತುದಿಗರಿ. ಒಂದು ಬದಿ ತೀರಾ ಕಿರಿದು, ಇನ್ನೊಂದು ಬದಿ ಅಗಲ. ದಂಟು ಗಟ್ಟಿ. ಹಾರುವಾಗ ಗಾಳಿಯನ್ನು ಸೀಳುವ ಬದಿ ಈ ಕಿರಿದಾದದ್ದು. ರೆಕ್ಕೆಯ ಹೊರಗಿನ ಗರಿಯಾದಷ್ಟೂ ಈ ವ್ಯತ್ಯಾಸ ಜಾಸ್ತಿ. ಹದ್ದು, ಗರುಡಗಳ ತುದಿಗರಿಯಲ್ಲಿ ಇನ್ನೊಂದು ವಿಶೇಷವಿದೆ. ಅರ್ಧ ದಾರಿಯಲ್ಲಿ ಪಟ್ಟಿ ಮೆಟ್ಟಿಲಿನ ಹಾಗೆ ಥಟ್ಟನೆ ಕಿರಿದಾಗುತ್ತದೆ. ಅದರಿಂದಲೇ ಅವು ತೇಲುವಾಗ ರೆಕ್ಕೆಯ ತುದಿ ಬೆರಳು ಬಿಡಿಸಿದಂತೆ ಕಾಣುತ್ತದೆ.

ರೆಕ್ಕೆಯ ಒಳಗರಿ. ಎರಡು ಬದಿಯ ವ್ಯತ್ಯಾಸ ಕಡಿಮೆ. ದಂಟು ಜಾಸ್ತಿ ಬಾಗಿರುತ್ತದೆ, ತುದಿ ದುಂಡಗೆ ಅಥವಾ ಮೊಂಡಾಗಿರುತ್ತದೆ. ಹಕ್ಕಿಯನ್ನು ಮೇಲಕ್ಕೆ ಎತ್ತಿ ಹಿಡಿಯುವ ಕೆಲಸ ಇವುಗಳದ್ದು.

ಬಾಲದ ಗರಿ. ದಂಟು ಹೆಚ್ಚು ಕಡಿಮೆ ನೇರ. ನಡುಬಾಲದ ಗರಿಯಲ್ಲಿ ಎರಡೂ ಬದಿ ಸಮ, ಅಂಚಿಗೆ ಹೋದಂತೆ ಒಂದು ಬದಿ ಕಿರಿದಾಗುತ್ತದೆ. ಬಹಳಷ್ಟು ಹಕ್ಕಿಗಳಿಗೆ ಬಾಲದಲ್ಲಿ 12 ಗರಿ, ಕೋಗಿಲೆ ಜಾತಿಯವಕ್ಕೆ 10.

ಮೈಗರಿ. ಚಿಕ್ಕದು, ಬಾಗಿದ್ದು, ಕೆಳಗಿನ ಅರ್ಧ ಮೆತ್ತನೆಯ ತುಪ್ಪಳ. ತುದಿಗೆ ಮಾತ್ರ ಬಣ್ಣ, ಯಾಕೆಂದರೆ ಹೊರಗೆ ಕಾಣುವುದು ಅಷ್ಟೇ. ಬುಡದ ತುಪ್ಪಳ ಮೈ ಬೆಚ್ಚಗಿಡುತ್ತದೆ. ಇಂಥ ಒಂಟಿ ಮೈಗರಿಯಿಂದ ಜಾತಿ ಹೇಳುವುದು ಕಷ್ಟ. ಹೇಳಲಾಗದಿದ್ದರೆ ಬಿಟ್ಟುಬಿಡಿ, ಬಲವಂತದ ಹೆಸರು ಬೇಡ. ಒಂದು ವಿನಾಯಿತಿ ಇದೆ: ದಂಟಿನ ಬುಡದಲ್ಲಿ ಹಿಂಬದಿಗೆ ಇನ್ನೊಂದು ಪುಟ್ಟ ತುಪ್ಪಳದ ಗರಿ ದೊಡ್ಡದಾಗಿ ಅಂಟಿಕೊಂಡಿದ್ದರೆ ಅದು ಕೋಳಿ ಅಥವಾ ನವಿಲಿನ ಬಳಗದ್ದಿರಬಹುದು. ಪಾರಿವಾಳದ ಮೈಗರಿಯಲ್ಲಿ ಅದು ಕಾಣುವುದಿಲ್ಲ. ನಗರದಲ್ಲಿ ಸಿಗುವ ಬಣ್ಣಬಣ್ಣದ "ಅಪರೂಪದ" ಮೈಗರಿಗಳಲ್ಲಿ ಎಷ್ಟೋ ನಾಟಿ ಕೋಳಿಯವು.

ರೆಕ್ಕೆಯ ಗರಿಯಾದರೆ ಎಡವೋ ಬಲವೋ ಅನ್ನುವುದನ್ನೂ ಹೇಳಬಹುದು. ಮೇಲ್ಮೈ ನಿಮಗೆ ಕಾಣುವಂತೆ, ತುದಿ ನಿಮ್ಮ ಕಡೆ ಬರುವಂತೆ, ಬುಡ ಆಚೆ ಇರುವಂತೆ ಇಡಿ. ಹಕ್ಕಿ ನಿಮಗೆ ಬೆನ್ನು ಹಾಕಿ ಕೂತಿದೆ ಅಂದುಕೊಳ್ಳಿ. ಕಿರಿದಾದ ಬದಿ ಎಡಕ್ಕಿದ್ದರೆ ಎಡರೆಕ್ಕೆ, ಬಲಕ್ಕಿದ್ದರೆ ಬಲರೆಕ್ಕೆ. ತುದಿಯನ್ನು ಮೇಲೆ ಮಾಡಿ ಹಿಡಿದರೆ ಉತ್ತರ ತಿರುವುಮುರುವಾಗುತ್ತದೆ. ತಪ್ಪುವವರೆಲ್ಲ ಇಲ್ಲೇ ತಪ್ಪುವುದು.

## ಹಂತ 4: ಅಳೆಯಿರಿ

ಬುಡದ ತುದಿಯಿಂದ ಮೇಲಿನ ತುದಿಯವರೆಗೆ, ಬಾಗಿದ್ದರೆ ಮೆಲ್ಲಗೆ ನೇರ ಮಾಡಿ ಅಳೆಯಿರಿ. 30 ಸೆಂಟಿಮೀಟರ್ ದಾಟಿದ ರೆಕ್ಕೆಗರಿ ಪಾರಿವಾಳ, ಕಾಗೆ, ಕೋಗಿಲೆ ಯಾವುದರದ್ದೂ ಆಗಲಾರದು. ಹದ್ದು, ನವಿಲು, ಹೆಜ್ಜಾರ್ಲೆ, ದೊಡ್ಡ ಕೊಕ್ಕರೆಗಳ ಕಡೆ ಯೋಚಿಸಿ. ಅದೇ ಬೆರಳುದ್ದದ ತುದಿಗರಿ ಹದ್ದಿನದ್ದಾಗಲು ಸಾಧ್ಯವೇ ಇಲ್ಲ. ಈ ಒಂದು ಅಳತೆಯಿಂದಲೇ ಅರ್ಧದಷ್ಟು ತಪ್ಪು ಊಹೆ ತಪ್ಪುತ್ತದೆ.

## ಹಂತ 5: ಈಗ ಬಣ್ಣ

ಗರಿಯ ಬಣ್ಣ ಎರಡು ರೀತಿಯಲ್ಲಿ ಬರುತ್ತದೆ. ಒಂದು, ಗರಿಯೊಳಗಿನ ವರ್ಣದ್ರವ್ಯದಿಂದ. ಕಪ್ಪು, ಬೂದು, ಕಂದು ಬಣ್ಣ ಮೆಲನಿನ್‌ನಿಂದ. ಪಿಕಳಾರದ ಬಾಲದ ಬುಡದ ಕೆಂಪು, ಹೊನ್ನಕ್ಕಿಯ ಹಳದಿ ಕೆರೋಟಿನಾಯ್ಡ್‌ನಿಂದ, ಅಂದರೆ ತಿಂದ ಆಹಾರದಿಂದ ಬಂದದ್ದು. ಗಿಳಿಗಳು ಮಾತ್ರ ತಮ್ಮ ಹಳದಿ, ಕೆಂಪು ದ್ರವ್ಯವನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತವೆ. ಎರಡನೆಯದು, ಗರಿಯ ಒಳರಚನೆಯ ಮೇಲೆ ಬೆಳಕು ಬಿದ್ದು ಚದುರಿ ಹುಟ್ಟುವ ಬಣ್ಣ. ಮಿಂಚುಳ್ಳಿಯ ನೀಲಿ, ನಮ್ಮ ರಾಜ್ಯಪಕ್ಷಿ ನೀಲಕಂಠದ ನೀಲಿ, ನವಿಲಿನ ಹೊಳಪು ಎಲ್ಲ ಇದೇ. ಆ ಗರಿಗಳಲ್ಲಿ ನೀಲಿ ದ್ರವ್ಯ ಅನ್ನುವುದೇ ಇರುವುದಿಲ್ಲ.

ಇದನ್ನು ಮೂರು ಪರೀಕ್ಷೆಗಳಿಂದ ತಿಳಿಯಬಹುದು.

ಹಿಂಬೆಳಕಿನ ಪರೀಕ್ಷೆ. ಗರಿಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ನೋಡಿ. ಮಿಂಚುಳ್ಳಿಯ ನೀಲಿ ಮಾಯವಾಗಿ ಕಂದು ಅಥವಾ ಬೂದು ಕಾಣುತ್ತದೆ. ಕೆಂಪು, ಹಳದಿ ಮಾತ್ರ ಹಾಗೇ ಉಳಿಯುತ್ತವೆ. ಹಿಂಬೆಳಕಿನಲ್ಲೂ ನೀಲಿ ನೀಲಿಯಾಗಿಯೇ ಉಳಿದಿದೆಯಾ? ದಂಟಿಗೂ ಅದೇ ಬಣ್ಣ ಹತ್ತಿದೆಯಾ? ಹಾಗಾದರೆ ಅದು ಬಣ್ಣ ಹಾಕಿದ ಅಲಂಕಾರದ ಗರಿ. ಸಮಾರಂಭ ಮುಗಿದ ಛತ್ರಗಳ ಹತ್ತಿರ, ಶಾಲೆಗಳ ಹತ್ತಿರ ಇವು ಸಿಗುತ್ತವೆ.

ಓರೆ ಮಾಡುವ ಪರೀಕ್ಷೆ. ಗರಿಯನ್ನು ಬಿಸಿಲಲ್ಲಿ ಮೆಲ್ಲಗೆ ಓರೆ ಮಾಡಿ. ಪಾರಿವಾಳದ ಕತ್ತಿನ ಗರಿ ಹಸಿರಿನಿಂದ ನೇರಳೆಗೆ ತಿರುಗುತ್ತದೆ. ಗಂಡು ಕೋಗಿಲೆಯ ಕಪ್ಪಿನಲ್ಲಿ ನೀಲಿ–ಹಸಿರು ಹೊಳಪು. ಕಾಗೆಯಲ್ಲೂ ಹೊಳಪಿದೆ, ಅದಕ್ಕೇ ಹೊಳಪು ಒಂದನ್ನೇ ನಂಬಬೇಡಿ. ಆಕಾರವನ್ನೂ ಜೊತೆಗೆ ನೋಡಿ.

ಸವೆತದ ಪರೀಕ್ಷೆ. ಭೂತಗನ್ನಡಿಯಲ್ಲಿ ಅಂಚು ನೋಡಿ. ಮೆಲನಿನ್ ಗರಿಗೆ ಗಟ್ಟಿತನವನ್ನೂ ಕೊಡುತ್ತದೆ. ಬೇಗ ಸವೆಯುವ ರೆಕ್ಕೆಯ ತುದಿ ಎಷ್ಟೋ ಹಕ್ಕಿಗಳಲ್ಲಿ ಕಪ್ಪಾಗಿರುವುದರ ಲಾಭ ಇದೇ. ಒಂದೇ ಗರಿಯಲ್ಲಿ ಬಿಳಿ ಚುಕ್ಕೆಯ ಭಾಗ ಮೊದಲು ಸವೆದು ಅಂಚು ಕಚ್ಚಿದಂತಾಗಿದ್ದರೆ ಅಚ್ಚರಿಪಡಬೇಡಿ. ಹಳೆ ಗರಿಯ ಕಪ್ಪು ಬಿಸಿಲಿಗೆ ಮಾಸಿ ಕಂದಾಗುತ್ತದೆ. ಕಂದು ಛಾಯೆಯ "ವಿಚಿತ್ರ" ಗರಿ ಎಷ್ಟೋ ಸಲ ಕಾಗೆಯ ಹಳೆ ಗರಿಯೇ.

## ಹಂತ 6: ಬೆಂಗಳೂರಿನಲ್ಲಿ ಹೆಚ್ಚು ತಪ್ಪಾಗುವ ಗರಿಗಳು

ಕಂದು, ಪಟ್ಟೆಪಟ್ಟೆ. ಇದು ಎಲ್ಲಕ್ಕಿಂತ ದೊಡ್ಡ ಗೊಂದಲ. ಗಾಢ ಕಂದಿನ ಮೇಲೆ ಸ್ಪಷ್ಟ ಬಿಳಿ ಪಟ್ಟೆಗಳಿದ್ದರೆ ಅದು ಹೆಣ್ಣು ಕೋಗಿಲೆ. ಗಂಡು ಕಪ್ಪು, ಹೆಣ್ಣು ಕಂದು–ಬಿಳಿ. ನಗರದ ತೋಟ, ಪಾರ್ಕುಗಳಲ್ಲೆಲ್ಲ ಇದೆ. ಹದ್ದಿನ ಬಾಲದ ಗರಿಯಲ್ಲಿ ಪಟ್ಟೆಗಳು ಕಂದಿನ ಮೇಲೆ ಇನ್ನೂ ಗಾಢ ಕಂದು, ಅದೂ ಮಸುಕು. ಬೂದು ಬಾಲದ ಗರಿಯ ಮೇಲೆ ಕಪ್ಪು ಪಟ್ಟೆಯಾದರೆ ಶಿಕ್ರಾ ಎಂಬ ಚಿಕ್ಕ ಬೇಟೆಹಕ್ಕಿ ಇರಬಹುದು. ಗರಿಯ ಮೇಲ್ಮೈ ಮಖಮಲ್ಲಿನಷ್ಟು ಮೆತ್ತಗಿದ್ದು, ಅಂಚಿನಲ್ಲಿ ಎಳೆಗಳು ಕುಚ್ಚಿನಂತೆ ಬಿಡಿಬಿಡಿಯಾಗಿದ್ದರೆ ಅದು ಗೂಬೆ. ಎತ್ತರದ ಕಟ್ಟಡಗಳಲ್ಲಿ ಗೂಡು ಮಾಡುವ ಕಣಜ ಗೂಬೆಯ ಹೊರತುದಿಯ ಗರಿಯಲ್ಲಿ ಬಾಚಣಿಗೆಯ ಹಲ್ಲಿನಂಥ ಸಾಲು ಕಾಣುತ್ತದೆ. ಸದ್ದಿಲ್ಲದೆ ಹಾರುವುದಕ್ಕೆ ಇರುವ ಏರ್ಪಾಡು ಅದು.

ಕೆಂಗಂದು. ಮೂರು ಹಕ್ಕಿಗಳ ನಡುವೆ ಗೊಂದಲ: ಕೆಂಬೂತ, ಗರುಡ, ನವಿಲು. ಚಿಕ್ಕದು, ತುದಿ ಮಬ್ಬುಗಪ್ಪು ಆದರೆ ಕೆಂಬೂತದ ರೆಕ್ಕೆ. ಉದ್ದ, ಮೆಟ್ಟಿಲಿನಂತೆ ಕಿರಿದಾಗಿ ತುದಿ ಅಚ್ಚ ಕಪ್ಪಾದರೆ ಗರುಡ. ಉದ್ದ, ಗಟ್ಟಿ, ಉದ್ದಕ್ಕೂ ಒಂದೇ ಕೆಂಗಂದು ಆದರೆ ಗಂಡು ನವಿಲಿನ ರೆಕ್ಕೆ. ತುರಹಳ್ಳಿ, ಹೆಸರಘಟ್ಟದ ಕಡೆ ಸಿಗುವ ಈ ನವಿಲುಗರಿಯನ್ನು ಯಾರೂ ನವಿಲಿನದ್ದು ಅಂತ ನಂಬುವುದಿಲ್ಲ. ಕಣ್ಣಿನ ಗುರುತಿರುವ ಉದ್ದ ಗರಿ ಮಾತ್ರ ನವಿಲಿನದ್ದು ಅನ್ನುವ ಭಾವನೆ ಗಟ್ಟಿಯಾಗಿದೆ. ಅಸಲಿಗೆ ಆ ಕಣ್ಣಿನ ಗರಿ ಬಾಲವೂ ಅಲ್ಲ, ಬಾಲವನ್ನು ಮೇಲಿಂದ ಮುಚ್ಚುವ ಗರಿ. ನಿಜವಾದ ಬಾಲ ಅದರ ಕೆಳಗಿರುವ ಗಿಡ್ಡ ಕಂದು ಗರಿಗಳು.

ಹಸಿರು. ಉದ್ದ, ಕಿರಿದು, ಚೂಪು, ಕೆಳಮೈ ಹಳದಿ ಛಾಯೆ: ಗಿಳಿಯ ಬಾಲ. ಗಿಡ್ಡ, ಕೆಳಮೈ ಮಸುಕು ನೀಲಿ ಛಾಯೆ: ಕುಟ್ರು ಹಕ್ಕಿಯ ಬಾಲ. ರೆಕ್ಕೆಗರಿಯಲ್ಲಿ ಎರಡೂ ಹೊರಬದಿ ಹಸಿರು, ಒಳಬದಿ ಮಬ್ಬು. ಆದ್ದರಿಂದ ಬಾಲದ ಗರಿ ಸಿಗದಿದ್ದರೆ ಎರಡರಲ್ಲಿ ಒಂದು ಅಂತಷ್ಟೇ ಬರೆಯಿರಿ. ಪಂಜರದಿಂದ ತಪ್ಪಿಸಿಕೊಂಡ ಲವ್‌ಬರ್ಡ್, ಬಜೆರಿಗರ್‌ನಂಥ ಸಾಕು ಗಿಳಿಗಳೂ ಇವೆ ಅನ್ನುವುದು ನೆನಪಿರಲಿ.

ಕಪ್ಪು–ಬಿಳಿ. ಬುಡ ಬಿಳಿ, ತುದಿ ಕಪ್ಪುಗಂದು ಇರುವ ತುದಿಗರಿ ಗೊರವಂಕದ್ದು. ಬಿಳಿಯ ಪಕ್ಕದಲ್ಲಿ ತಿಳಿನೀಲಿ ಇದ್ದರೆ ಬಿಳಿಎದೆಯ ಮಿಂಚುಳ್ಳಿ.

ಬೂದು. ಬಾಲದ ತುದಿಗೆ ಅಗಲ ಕಪ್ಪು ಪಟ್ಟಿ ಇದ್ದರೆ ಪಾರಿವಾಳ. ನಗರದಲ್ಲಿ ಸಿಗುವ ಬೂದು ಗರಿಗೆ ಮೊದಲು ಪಾರಿವಾಳ ಅಂತಲೇ ಊಹಿಸಿ, ಅಲ್ಲ ಅನ್ನಲು ಸಾಕ್ಷಿ ಸಿಕ್ಕರೆ ಮುಂದೆ ಹೋಗಿ.

ಅಚ್ಚ ಬಿಳಿ. ಕೆರೆಯ ಹತ್ತಿರ ಬೆಳ್ಳಕ್ಕಿಗಳಲ್ಲೇ ಹಲವು ಬಗೆ. ಕೊಳದ ಬಕದ ರೆಕ್ಕೆಯೂ ಬಿಳಿಯೇ, ಕೂತಾಗ ಕಂದು ಬೆನ್ನು ಅದನ್ನು ಮುಚ್ಚಿರುತ್ತದೆ. ಒಂಟಿ ಬಿಳಿ ಗರಿಯಿಂದ ಜಾತಿ ಹೇಳಲು ಹೋಗಬೇಡಿ.

## ಹಂತ 7: ಉದುರಿತೋ, ಕಿತ್ತರೋ?

ಬುಡ ನೋಡಿ. ತಾನೇ ಉದುರಿದ ಗರಿಯ ಬುಡ ಸ್ವಚ್ಛ, ಒಣಗಿದ್ದು, ದುಂಡಗೆ. ದಂಟು ಕಚ್ಚಿ ತುಂಡಾಗಿದ್ದು ಎಳೆಗಳು ಜೊಲ್ಲಿನಿಂದ ಅಂಟಿಕೊಂಡಿದ್ದರೆ ಬೆಕ್ಕು ಅಥವಾ ನಾಯಿಯ ಕೆಲಸ. ಗರಿಗಳು ಬುಡಸಮೇತ ಕಿತ್ತು ಹರಡಿದ್ದು, ದಂಟಿನ ಮೇಲೆ ಕೊಕ್ಕಿನ ಗುರುತು ಇದ್ದರೆ ಶಿಕ್ರಾದಂಥ ಬೇಟೆಹಕ್ಕಿ. ನೇರವಾಗಿ ಕತ್ತರಿಸಿದ ಬುಡವಾದರೆ ಮನುಷ್ಯರದ್ದು.

ದಂಟಿನ ಬುಡ ಕಪ್ಪುನೀಲಿಯಾಗಿ, ಒಳಗೆ ರಕ್ತ ತುಂಬಿದ್ದರೆ ಅದು ಇನ್ನೂ ಬೆಳೆಯುತ್ತಿದ್ದ ಗರಿ. ಅಂಥದ್ದು ತಾನಾಗಿ ಉದುರುವುದಿಲ್ಲ. ಹತ್ತಿರದಲ್ಲಿ ಗಾಯಗೊಂಡ ಹಕ್ಕಿ ಇರಬಹುದು, ಹುಡುಕಿ. ಮರದ ಮೇಲೆ ಗಾಳಿಪಟದ ಮಾಂಜಾ ದಾರ ಸಿಕ್ಕಿಕೊಂಡಿದೆಯಾ ಅಂತಲೂ ನೋಡಿ. ಹದ್ದುಗಳು ಅದರಲ್ಲಿ ಸಿಕ್ಕಿ ಒದ್ದಾಡುತ್ತವೆ. ಹಕ್ಕಿ ಸಿಕ್ಕರೆ ನೀವೇ ದಾರ ಎಳೆಯಬೇಡಿ, ರೆಕ್ಕೆ ಇನ್ನಷ್ಟು ಕೊಯ್ಯುತ್ತದೆ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿ ಇಟ್ಟು, ನೀರು ಕುಡಿಸಲು ಹೋಗದೆ, ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯವರನ್ನು ಸಂಪರ್ಕಿಸಿ.

ಗರಿಗೆ ಅಡ್ಡಲಾಗಿ ಕೂದಲೆಳೆಯಂಥ ಪಾರದರ್ಶಕ ಗೆರೆ ಕಂಡರೆ ಅದು ವಿನ್ಯಾಸವಲ್ಲ. ಗರಿ ಬೆಳೆಯುವಾಗ ಹಕ್ಕಿ ಹಸಿವಿನಿಂದಲೋ ಬೇರೆ ಒತ್ತಡದಿಂದಲೋ ಸೊರಗಿದ್ದರ ಗುರುತು. ಇದನ್ನು ಪಟ್ಟೆ ಅಂತ ಎಣಿಸಬೇಡಿ.

## ಹಂತ 8: ಕಾಲ ಮತ್ತು ವಯಸ್ಸು ಸೇರಿಸಿ ನೋಡಿ

ಹೆಚ್ಚಿನ ಹಕ್ಕಿಗಳು ಮರಿ ಮಾಡಿ ಮುಗಿದ ಮೇಲೆ ಗರಿ ಬದಲಿಸುತ್ತವೆ. ಗರಿ ಒಮ್ಮೆ ಬೆಳೆದರೆ ಸತ್ತ ವಸ್ತು, ತಾನಾಗಿ ರಿಪೇರಿ ಆಗುವುದಿಲ್ಲ. ಹಾಗಾಗಿ ಹೊಸದು ಬೆಳೆಯಲೇಬೇಕು. ಹಾರಲು ತೊಂದರೆಯಾಗದಂತೆ ಎಡಬಲ ರೆಕ್ಕೆಗಳಲ್ಲಿ ಜೋಡಿಜೋಡಿಯಾಗಿ, ಒಂದಾದ ಮೇಲೊಂದು ಉದುರುತ್ತವೆ. ಬಾತುಕೋಳಿಗಳು ಮಾತ್ರ ರೆಕ್ಕೆಯ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸಿ ಕೆಲವು ವಾರ ಹಾರದೆ ಇರುತ್ತವೆ. ಕೆರೆಯಂಚಿನಲ್ಲಿ ಒಂದೇ ಬಗೆಯ ಸ್ವಚ್ಛ ಗರಿಗಳು ಜಾಸ್ತಿ ಕಂಡರೆ ಬೇಟೆ ಅಂತ ತೀರ್ಮಾನಿಸುವ ಮೊದಲು ಬುಡ ನೋಡಿ.

ಈ ಕಾಲದಲ್ಲಿ ತಲೆ ಬೋಳಾದ ಗೊರವಂಕ, ಬಾಲವಿಲ್ಲದ ಕಾಗೆ ಕಂಡರೆ ಗಾಬರಿಯಾಗಬೇಡಿ. ಚುರುಕಾಗಿ ಹಾರುತ್ತಾ ತಿನ್ನುತ್ತಾ ಇದ್ದರೆ ಹೊಸ ಗರಿ ಬರುತ್ತದೆ. ಮೈ ಉಬ್ಬಿಸಿಕೊಂಡು ಕದಲದೆ ಕೂತಿದ್ದರೆ, ಚರ್ಮದ ಮೇಲೆ ಹುಣ್ಣು ಕಂಡರೆ, ಅದು ಬೇರೆ ವಿಷಯ.

ಒಂದೇ ಹಕ್ಕಿ ಕಾಲಕ್ಕೆ ತಕ್ಕಂತೆ ಬೇರೆ ಬಣ್ಣ ತೋರುವುದೂ ಇದೆ. ಕೊಳದ ಬಕಕ್ಕೆ ಮರಿ ಮಾಡುವ ಕಾಲದಲ್ಲಿ ಬೆನ್ನ ಮೇಲೆ ಕಡುಗೆಂಪು–ಕಂದು ಜೂಲುಗರಿ ಬರುತ್ತದೆ. ಗಂಡು ನೇರಳೆ ಸೂರಕ್ಕಿ ಆ ಕಾಲ ಮುಗಿದ ಮೇಲೆ ಹೊಳಪು ಕಳೆದುಕೊಂಡು ಹೆಣ್ಣಿನಂತಾಗುತ್ತದೆ, ಎದೆಯ ನಡುವೆ ಕಪ್ಪು ಗೆರೆಯೊಂದು ಉಳಿಯುತ್ತದೆ. ಗಂಡು ಗುಬ್ಬಚ್ಚಿಯ ಗಂಟಲಿನ ಕಪ್ಪಂತೂ ಗರಿ ಉದುರದೆಯೇ ಬರುತ್ತದೆ. ಹೊಸ ಗರಿಯ ಮಸುಕು ಅಂಚು ಸವೆದಂತೆ ಕೆಳಗಿನ ಕಪ್ಪು ಹೊರಗೆ ಕಾಣುತ್ತದೆ. ಗರುಡದ ಮರಿಗಳಂತೂ ಪೂರ್ತಿ ಕಂದು, ಹದ್ದು ಅಂತಲೇ ಅನ್ನಿಸುತ್ತದೆ. ಆದ್ದರಿಂದ ತಿಂಗಳು ಬರೆದುಕೊಳ್ಳದೆ ಬಣ್ಣ ಬರೆದುಕೊಂಡರೆ ಅರ್ಧ ಕೆಲಸವಷ್ಟೇ ಆಯಿತು. ವಲಸೆ ಹಕ್ಕಿಯ ಹೆಸರು ಹೇಳುವ ಮೊದಲೂ ತಿಂಗಳು ನೋಡಿ. ಅವುಗಳಲ್ಲಿ ಹೆಚ್ಚಿನವು ಇಲ್ಲಿರುವುದು ಚಳಿಗಾಲದ ಆಸುಪಾಸಿನಲ್ಲಿ ಮಾತ್ರ.

## ಹಂತ 9: ಹೋಲಿಸಿ, ದಾಖಲಿಸಿ

ಇಷ್ಟಾದ ಮೇಲೆ ಎರಡು ಮೂರು ಹೆಸರು ಉಳಿದಿರುತ್ತವೆ. ನಿಮ್ಮ ಕೆರೆ ಅಥವಾ ಪಾರ್ಕಿನಲ್ಲಿ ಯಾವ ಹಕ್ಕಿಗಳು ಕಂಡಿವೆ ಅಂತ ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ನೋಡಿ, ಅಲ್ಲಿಲ್ಲದ್ದನ್ನು ಕೊನೆಗೆ ಸರಿಸಿ. ಆಮೇಲೆ ಭಾರತದ ಹಕ್ಕಿಗಳ ಗರಿಗಳನ್ನು ಅಳತೆ ಸಮೇತ ತೋರಿಸುವ ಫೆದರ್ ಲೈಬ್ರರಿ ಎಂಬ ಜಾಲತಾಣದಲ್ಲಿ ಹೋಲಿಸಿ. ಅದರ ಗರಿಗಳ ಸಂಗ್ರಹ ಇರುವುದು ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಸಂಸ್ಥೆಯಲ್ಲೇ.

ಗರಿಯ ಫೋಟೊಗಳನ್ನು ಎಲ್ಲ ಬಗೆಯ ಜೀವಿಗಳನ್ನು ದಾಖಲಿಸುವ ಐ-ನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಬಹುದು, ಅಲ್ಲಿ ಗರಿಯೂ ಸಾಕ್ಷಿಯೇ. ಇ-ಬರ್ಡ್ ಪಟ್ಟಿಗೆ ಮಾತ್ರ ಸೇರಿಸಬೇಡಿ, ಅದು ಜೀವಂತ ಹಕ್ಕಿಯನ್ನು ಕಂಡಿದ್ದಕ್ಕೆ. ಫೋನಿನ ಆ್ಯಪ್ ಥಟ್ಟನೆ ಕೊಡುವ ಹೆಸರನ್ನು ಒಪ್ಪುವ ಮುಂಚೆ ಹಂತ 3 ಮತ್ತು 4ಕ್ಕೆ ಅದು ಹೊಂದುತ್ತದೆಯಾ ನೋಡಿ. ಆ್ಯಪ್‌ಗೂ ಸ್ಕೇಲು ಇಲ್ಲದ ಗರಿಯ ಉದ್ದ ಗೊತ್ತಾಗುವುದಿಲ್ಲ.

ಯಾರನ್ನಾದರೂ ಕೇಳುವುದಾದರೆ ಹೀಗೆ ಬರೆದು ಕಳಿಸಿ: "ಹೆಬ್ಬಾಳ ಕೆರೆ ದಂಡೆ, ಆಗಸ್ಟ್. ಎಡರೆಕ್ಕೆಯ ತುದಿಗರಿ, 14 ಸೆಂ.ಮೀ. ಬುಡ ಬಿಳಿ, ತುದಿ ಕಪ್ಪುಗಂದು. ಬುಡ ಸ್ವಚ್ಛ, ಒಂಟಿ ಗರಿ." ಜೊತೆಗೆ ಆ ನಾಲ್ಕು ಫೋಟೊ. ಇದನ್ನು ಬರೆಯುವಾಗಲೇ ಉತ್ತರ ಅರ್ಧ ಸಿಕ್ಕಿರುತ್ತದೆ. ಗರಿಯನ್ನು ಸಿಕ್ಕಿದ ಜಾಗದಲ್ಲೇ ಬಿಟ್ಟು ಬನ್ನಿ.